ಹಲ್ಲು ಹೋಗಿ ಏಳು ವರ್ಷ: ಈಗ ಇಂಪ್ಲಾಂಟ್ ಕೂರುತ್ತದೆಯೇ, ಮೂಳೆ ತುಂಬಿಸಲೇಬೇಕೇ?

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ರೈತ. ವಯಸ್ಸು 54. ಕೆಳಗಿನ ಬಲಗಡೆ ಕೊನೆಯ ಎರಡು ದವಡೆ ಹಲ್ಲು ಹುಳುಕಾಗಿ ಏಳು ವರ್ಷದ ಹಿಂದೆ ಕೀಳಿಸಿದೆ. ಮೇಲಿನ ಎಡಗಡೆ ಒಂದು ದವಡೆ ಹಲ್ಲು ಮೂರು ವರ್ಷದ ಹಿಂದೆ ಹೋಯಿತು. ಅದರ ಹಿಂದೆ ಮುಂದೆ ಹಲ್ಲಿದೆ. ಆರು ವರ್ಷದಿಂದ ಶುಗರ್ ಇದೆ, ಮಾತ್ರೆ ನುಂಗುತ್ತಿದ್ದೇನೆ. ಊಟ ಆದ ಮೇಲೆ ಎಲೆ ಅಡಿಕೆ ಹಾಕುವ ಅಭ್ಯಾಸ ಇದೆ. ಒಬ್ಬ ಡಾಕ್ಟರು ಮೂರು ಇಂಪ್ಲಾಂಟ್ ಹಾಕಬೇಕು, ಮೂಳೆ ಸಾಲದು, ಮೂಳೆ ತುಂಬಿ ಒಂದು ವರ್ಷ ಕಾಯಬೇಕು ಅಂದರು. ಇನ್ನೊಬ್ಬರು ಮೂಳೆ ಗೀಳೆ ಏನೂ ಬೇಡ, ಮೂರೇ ದಿನದಲ್ಲಿ ಹಲ್ಲು ಕೂರಿಸಿ ಕಳಿಸ್ತೀವಿ ಅಂದರು. ಮೂರನೆಯವರು ಬ್ರಿಡ್ಜ್ ಸಾಕು ಅಂದರು. ಯಾರನ್ನು ನಂಬಲಿ? ತುಂಬುವ ಮೂಳೆ ಯಾರದ್ದು? ಶುಗರ್ ಇರುವವರಿಗೆ ಇದೆಲ್ಲ ಆಗುತ್ತದೆಯೇ? ನನ್ನ ಹೆಂಡತಿಗೂ ಮುಂದಿನ ತಿಂಗಳು ಒಂದು ದವಡೆ ಹಲ್ಲು ಕೀಳಬೇಕು ಅಂದಿದ್ದಾರೆ. ಅವಳಿಗಾದರೂ ಈ ಗೊಂದಲ ತಪ್ಪಲಿ.

ಉತ್ತರ:

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಏಳು ವರ್ಷ ಅನ್ನುವ ಮಾತಿನ ಮೇಲೆ. ಇಷ್ಟು ದಿನ ಯಾಕೆ ಬಿಟ್ಟಿರಿ ಅಂತ ಕೇಳುವುದಿಲ್ಲ. ನಮ್ಮ ಕಡೆ ಇದು ತೀರಾ ಸಾಮಾನ್ಯ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ದವಡೆ ಹಲ್ಲು ಎರಡು ಇಲ್ಲದಿದ್ದರೂ ಊಟ ನಡೆಯುತ್ತದೆ. ಮಿಕ್ಕಿದ್ದನ್ನು ಇನ್ನೊಂದು ಕಡೆಯಲ್ಲಿ ಅಗಿಯುವುದು ರೂಢಿಯಾಗುತ್ತದೆ. ಕಬ್ಬು ಸಿಗಿಯಲು ಹೋದಾಗ, ಇಲ್ಲವೇ ಹಬ್ಬದ ದಿನ ಮಾಂಸ ಸ್ವಲ್ಪ ಗಟ್ಟಿಯಾಗಿದ್ದಾಗ ಮಾತ್ರ ಕೊರತೆ ನೆನಪಾಗುತ್ತದೆ. ಅಷ್ಟರಲ್ಲಿ ಒಳಗೆ ಮೂಳೆ ಕರಗಿರುತ್ತದೆ. ಅದಕ್ಕೆ ನೋವೂ ಇಲ್ಲ, ಸೂಚನೆಯೂ ಇಲ್ಲ.

ಮೂಳೆ ಯಾಕೆ ಕರಗುತ್ತದೆ? ನೀವು ಗದ್ದೆ ಮಾಡುವವರು, ಬದುವಿನ ಮಾತಿನಲ್ಲೇ ಹೇಳುತ್ತೇನೆ. ಬದುವಿನ ಮೇಲೆ ಮರ ಇರುವವರೆಗೆ ಬೇರು ಮಣ್ಣನ್ನು ಹಿಡಿದಿರುತ್ತದೆ. ಮರವನ್ನು ಬುಡಸಮೇತ ಕಿತ್ತರೆ ಒಂದೆರಡು ಮಳೆಗಾಲದಲ್ಲಿ ಅಲ್ಲಿ ಬದು ಕುಸಿದು ತೆಳ್ಳಗಾಗುತ್ತದೆ, ಅಲ್ವಾ? ದವಡೆಯಲ್ಲಿ ಹಲ್ಲನ್ನು ಹಿಡಿದ ಮೂಳೆಯೂ ಹಾಗೆ. ಹಲ್ಲಿಗೂ ಮೂಳೆಗೂ ನಡುವೆ ಸಣ್ಣ ಸಣ್ಣ ನಾರುಗಳಿರುತ್ತವೆ. ನಾವು ಅಗಿದಾಗಲೆಲ್ಲ ಆ ನಾರು ಮೂಳೆಯನ್ನು ಎಳೆಯುತ್ತದೆ. ಆ ಎಳೆತ ಇರುವುದರಿಂದಲೇ ಅಲ್ಲಿ ಮೂಳೆ ಉಳಿದಿರುತ್ತದೆ. ಹಲ್ಲು ಕಿತ್ತ ಮೇಲೆ ಎಳೆಯುವವರಿಲ್ಲ. ದೇಹ ಬೇಡವಾದದ್ದನ್ನು ಇಟ್ಟುಕೊಳ್ಳುವುದಿಲ್ಲ, ಕರಗಿಸಿಬಿಡುತ್ತದೆ. ಮೊದಲ ಒಂದು ವರ್ಷದಲ್ಲೇ ಆ ಜಾಗದ ಮೂಳೆಯ ಅಗಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬಹುದು. ಅದರಲ್ಲೂ ಹೆಚ್ಚಿನ ಪಾಲು ಹೋಗುವುದು ಮೊದಲ ಮೂರು ತಿಂಗಳಲ್ಲಿ. ಕೆನ್ನೆಯ ಕಡೆಯ ಗೋಡೆ ತೆಳು. ಅದೇ ಮೊದಲು ಹೋಗುತ್ತದೆ.

ಅಂದರೆ ನಿಮ್ಮ ಏಳು ವರ್ಷದ ನಷ್ಟದ ದೊಡ್ಡ ಪಾಲು ಮೊದಲ ವರ್ಷದಲ್ಲೇ ಆಗಿಹೋಗಿದೆ. ಆಮೇಲಿನದು ನಿಧಾನ. ಹಾಗಾಗಿ ಇವತ್ತೇ ಮಾಡಿಸದಿದ್ದರೆ ಕೆಟ್ಟಿತು ಅಂತ ಯಾರಾದರೂ ಹೆದರಿಸಿದರೆ ಹೆದರಬೇಡಿ. ನಿಮಗೆ ಯೋಚಿಸಲು ಸಮಯ ಇದೆ.

ಈಗ ಇಂಪ್ಲಾಂಟ್ ಅಂದರೆ ಏನು ಅನ್ನುವುದನ್ನು ನೋಡೋಣ. ಅದು ಟೈಟಾನಿಯಂ ಲೋಹದ ಒಂದು ಚಿಕ್ಕ ಸ್ಕ್ರೂ. ದವಡೆ ಹಲ್ಲಿನ ಜಾಗಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಐದು ಮಿಲಿಮೀಟರ್ ದಪ್ಪ, ಎಂಟರಿಂದ ಹನ್ನೆರಡು ಮಿಲಿಮೀಟರ್ ಉದ್ದ. ಅದು ಹಲ್ಲಿನ ಬೇರಿನ ಕೆಲಸ ಮಾಡುತ್ತದೆ. ಅದರ ಮೇಲೆ ಒಂದು ಕೊಂಡಿ, ಕೊಂಡಿಯ ಮೇಲೆ ಕ್ಯಾಪ್. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರಾನೆಮಾರ್ಕ್ ಅನ್ನುವ ವಿಜ್ಞಾನಿ 1952ರಲ್ಲಿ ಮೊಲದ ಕಾಲಿನ ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತದೆ ಎಂದು ನೋಡುತ್ತಿದ್ದರು. ಅದಕ್ಕಾಗಿ ಟೈಟಾನಿಯಂನ ಚಿಕ್ಕ ಉಪಕರಣವನ್ನು ಮೂಳೆಯಲ್ಲಿ ಕೂರಿಸಿದ್ದರು. ಕೆಲಸ ಮುಗಿದು ತೆಗೆಯಲು ಹೋದರೆ ಬರಲೇ ಇಲ್ಲ. ಮೂಳೆ ಲೋಹಕ್ಕೆ ಅಂಟಿಕೊಂಡೇ ಬೆಳೆದಿತ್ತು. 1965ರಲ್ಲಿ ಅವರು ಮೊದಲ ಬಾರಿಗೆ ಒಬ್ಬ ಮನುಷ್ಯನ ದವಡೆಗೆ ಇಂಪ್ಲಾಂಟ್ ಹಾಕಿದರು. ಆ ವ್ಯಕ್ತಿ 2006ರಲ್ಲಿ ತೀರಿಕೊಳ್ಳುವವರೆಗೂ, ನಲವತ್ತು ವರ್ಷಕ್ಕೂ ಮೇಲೆ, ಅದರಲ್ಲೇ ಊಟ ಮಾಡಿದರು. ದೇಹ ಇದನ್ನು ಹೊರಗೆ ತಳ್ಳುತ್ತದೆ ಅನ್ನುವ ಭಯ ನಿಮ್ಮಲ್ಲಿದ್ದರೆ ಈ ಕಥೆ ಸಾಕು ಅಂದುಕೊಳ್ಳುತ್ತೇನೆ.

ಆದರೆ ಮೂಳೆ ಲೋಹಕ್ಕೆ ಅಂಟಬೇಕಾದರೆ ಸ್ಕ್ರೂವಿನ ಸುತ್ತ ಮೂಳೆ ಇರಬೇಕು. ಎಲ್ಲ ಕಡೆಯೂ ಒಂದೂವರೆಯಿಂದ ಎರಡು ಮಿಲಿಮೀಟರ್ ಆರೋಗ್ಯವಾದ ಮೂಳೆ ಸಿಗಬೇಕು ಅನ್ನುವುದು ನಾವು ಪಾಲಿಸುವ ಲೆಕ್ಕ. ನಾಲ್ಕು ಮಿಲಿಮೀಟರ್ ಸ್ಕ್ರೂಗೆ ಏಳೆಂಟು ಮಿಲಿಮೀಟರ್ ಅಗಲದ ಮೂಳೆ ಬೇಕು ಅಂದಹಾಗಾಯಿತು. ನಿಮ್ಮ ಕೆಳದವಡೆಯಲ್ಲಿ ಅಷ್ಟು ಇದೆಯೋ ಇಲ್ಲವೋ ಅನ್ನುವುದನ್ನು ಬಾಯಿ ತೆರೆದು ನೋಡಿ ಹೇಳಲು ಆಗುವುದಿಲ್ಲ. ಮಾಮೂಲಿ ಎಕ್ಸ್‌ರೇಯಲ್ಲಿ ಎತ್ತರ ಕಾಣುತ್ತದೆ, ಅಗಲ ಕಾಣುವುದಿಲ್ಲ. ಅದಕ್ಕೆ ಸಿಬಿಸಿಟಿ ಅನ್ನುವ ಮೂರು ಆಯಾಮದ ಸ್ಕ್ಯಾನ್ ಬೇಕು. ಆ ಮೂವರು ಡಾಕ್ಟರಲ್ಲಿ ಈ ಸ್ಕ್ಯಾನ್ ನೋಡಿ ಮಾತಾಡಿದವರು ಯಾರು ಅಂತ ನೀವು ಬರೆದಿಲ್ಲ. ಯಾರೂ ನೋಡಿಲ್ಲದಿದ್ದರೆ ಮೂರೂ ಅಂದಾಜಿನ ಮಾತು. ಸ್ಕ್ಯಾನ್ ಮಾಡಿಸಿ, ಅದರ ಪ್ರತಿ ನಿಮ್ಮ ಕೈಗೇ ತೆಗೆದುಕೊಳ್ಳಿ. ದುಡ್ಡು ಕೊಟ್ಟವರು ನೀವು, ಅದು ನಿಮ್ಮದು. ಆಮೇಲೆ ಎಷ್ಟು ಜನರ ಹತ್ತಿರ ಬೇಕಾದರೂ ಅದನ್ನೇ ತೋರಿಸಿ ಅಭಿಪ್ರಾಯ ಕೇಳಬಹುದು.

ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಇಷ್ಟೇ: 'ನನಗೆ ಈ ಜಾಗದಲ್ಲಿ ಎಷ್ಟು ಮಿಲಿಮೀಟರ್ ಅಗಲ, ಎಷ್ಟು ಎತ್ತರ ಮೂಳೆ ಇದೆ? ತೋರಿಸಿ.' ಕಂಪ್ಯೂಟರ್ ಪರದೆಯ ಮೇಲೆ ಅಳತೆ ಹಾಕಿ ತೋರಿಸಲು ಎರಡು ನಿಮಿಷ ಸಾಕು. ತೋರಿಸಿ, ಇಷ್ಟು ಬೇಕು, ಇಷ್ಟಿದೆ, ಅದಕ್ಕೇ ಮೂಳೆ ತುಂಬಬೇಕು ಅಂದರೆ ಒಪ್ಪಿಕೊಳ್ಳಿ. ಸುಮ್ನೆ ಮೂಳೆ ಕಡಿಮೆ ಅಂದರೆ ಒಪ್ಪಬೇಡಿ.

ನಿಮ್ಮ ಎರಡು ಜಾಗಗಳು ಒಂದೇ ತರಹದವಲ್ಲ. ಕೆಳದವಡೆಯ ಮೂಳೆ ಗಟ್ಟಿ. ಅಲ್ಲಿನ ತೊಂದರೆ ಒಂದು ನರ. ದವಡೆ ಹಲ್ಲುಗಳ ಬೇರಿನ ಕೆಳಗೆ ಒಂದು ಕಾಲುವೆಯ ಹಾಗೆ ಹರಿದು ಬಂದು ತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುವ ನರ ಅದು. ಸ್ಕ್ರೂ ಅದರಿಂದ ಕನಿಷ್ಠ ಎರಡು ಮಿಲಿಮೀಟರ್ ದೂರ ನಿಲ್ಲಬೇಕು. ತಗುಲಿದರೆ ತುಟಿ ಮರಗಟ್ಟಿ ತಿಂಗಳುಗಟ್ಟಲೆ, ಕೆಲವೊಮ್ಮೆ ಶಾಶ್ವತವಾಗಿ ಹಾಗೇ ಉಳಿಯುತ್ತದೆ. ಎತ್ತರ ಸಾಲದಿದ್ದರೆ ಈಗ ಆರು ಮಿಲಿಮೀಟರಿನ ಗಿಡ್ಡ ಇಂಪ್ಲಾಂಟುಗಳೂ ಇವೆ. ಅಗಲ ಸ್ವಲ್ಪ ಕಡಿಮೆ ಇದ್ದರೆ ಇಂಪ್ಲಾಂಟ್ ಹಾಕುವ ದಿನವೇ ಪಕ್ಕದಲ್ಲಿ ಒಂದಿಷ್ಟು ಗ್ರಾಫ್ಟ್, ಅಂದರೆ ತುಂಬುವ ಮೂಳೆ, ಇಟ್ಟು ಮುಚ್ಚಬಹುದು. ಒಂದು ವರ್ಷ ಕಾಯಬೇಕಾಗಿಲ್ಲ. ಬರೀ ಮೂರ್ನಾಲ್ಕು ಮಿಲಿಮೀಟರ್ ಉಳಿದಿದ್ದರೆ ಮಾತ್ರ ಮೊದಲು ಮೂಳೆ ಬೆಳೆಸಿ, ಆಮೇಲೆ ಸ್ಕ್ರೂ.

ಮೇಲಿನ ದವಡೆಯ ಕಥೆ ಬೇರೆ. ಅಲ್ಲಿನ ಮೂಳೆ ಮೆತ್ತಗೆ, ರಂಧ್ರ ಜಾಸ್ತಿ. ಅದರ ಮೇಲೆ, ಕೆನ್ನೆಯ ಒಳಗೆ, ಸೈನಸ್ ಅನ್ನುವ ಗಾಳಿಯ ಕೋಣೆ ಇದೆ. ನೆಗಡಿ ಬಂದಾಗ ಭಾರವಾಗುವುದು ಅದೇ. ಹಲ್ಲು ಹೋದ ಮೇಲೆ ಕೆಳಗಿನಿಂದ ಮೂಳೆ ಸವೆಯುತ್ತದೆ, ಮೇಲಿನಿಂದ ಸೈನಸ್ ಕೆಳಕ್ಕೆ ಇಳಿಯುತ್ತದೆ. ಕೊನೆಗೆ ನಡುವೆ ನಾಲ್ಕೈದು ಮಿಲಿಮೀಟರ್ ಮಾತ್ರ ಉಳಿದಿರುವುದೂ ಉಂಟು. ಆಗ ಸೈನಸ್ಸಿನ ತಳದ ಪೊರೆಯನ್ನು ಹುಷಾರಾಗಿ ಮೇಲೆತ್ತಿ, ಕೆಳಗೆ ಗ್ರಾಫ್ಟ್ ತುಂಬುತ್ತಾರೆ. ಸೈನಸ್ ಲಿಫ್ಟ್ ಅನ್ನುವುದು ಇದನ್ನೇ. ಐದಾರು ಮಿಲಿಮೀಟರ್ ಮೂಳೆ ಉಳಿದಿದ್ದರೆ ಇಂಪ್ಲಾಂಟಿನ ರಂಧ್ರದಿಂದಲೇ ಸ್ವಲ್ಪ ಎತ್ತಿ, ಅದೇ ದಿನ ಸ್ಕ್ರೂ ಹಾಕಬಹುದು. ತೀರಾ ಕಡಿಮೆ ಇದ್ದರೆ ಪಕ್ಕದಿಂದ ಸಣ್ಣ ಕಿಟಕಿ ತೆರೆದು ತುಂಬಿ, ಆರರಿಂದ ಒಂಬತ್ತು ತಿಂಗಳು ಬಿಡಬೇಕು. ನಿಮಗೆ ಒಂದು ವರ್ಷ ಅಂದವರು ಬಹುಶಃ ಈ ಜಾಗವನ್ನೇ ಮನಸ್ಸಿನಲ್ಲಿಟ್ಟು ಹೇಳಿದ್ದಾರೆ. ಅವರು ಸುಳ್ಳು ಹೇಳಿರಲಿಕ್ಕಿಲ್ಲ.

ಬ್ರಿಡ್ಜ್ ಅಂದವರದೂ ಅರ್ಧ ಸರಿ. ಬ್ರಿಡ್ಜ್ ಅಂದರೆ ಅಕ್ಕಪಕ್ಕದ ಹಲ್ಲನ್ನು ಉಜ್ಜಿ ಕ್ಯಾಪ್ ಹಾಕಿ, ನಡುವಿನ ಹಲ್ಲನ್ನು ಅವಕ್ಕೆ ಜೋಡಿಸಿ ಕಟ್ಟುವುದು. ಅದಕ್ಕೆ ಎರಡೂ ಕಡೆ ಕಂಬ ಬೇಕು. ನಿಮ್ಮ ಕೆಳಗಿನ ಜಾಗದಲ್ಲಿ ಕೊನೆಯ ಎರಡೂ ಹಲ್ಲು ಹೋಗಿವೆ, ಹಿಂದುಗಡೆ ಕಂಬವೇ ಇಲ್ಲ. ಅಲ್ಲಿ ಬ್ರಿಡ್ಜ್ ಕಟ್ಟಲು ಆಗುವುದಿಲ್ಲ. ಮುಂದಿನ ಹಲ್ಲಿಗೆ ಜೋತು ಹಾಕಿ ಕಟ್ಟಿದರೆ ಆ ಹಲ್ಲೂ ಅಲುಗಾಡುತ್ತದೆ. ಮೇಲೆ ಮಾತ್ರ ಎರಡೂ ಕಡೆ ಹಲ್ಲಿದೆ, ಆಗುತ್ತದೆ. ಆ ಎರಡು ಹಲ್ಲಿಗೆ ಮೊದಲೇ ರೂಟ್ ಕೆನಾಲ್ ಆಗಿ ಕ್ಯಾಪ್ ಬೇಕಾಗಿದ್ದರೆ ನಾನೂ ಬ್ರಿಡ್ಜನ್ನೇ ಹೇಳುತ್ತೇನೆ. ಸೈನಸ್ ತಂಟೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಆದರೆ ಎರಡೂ ಒಂದು ಚುಕ್ಕೆ ಹುಳುಕಿಲ್ಲದ ಒಳ್ಳೆಯ ಹಲ್ಲಾಗಿದ್ದರೆ, ಅವುಗಳ ಗಟ್ಟಿ ಮೇಲ್ಪದರವನ್ನು ಸುತ್ತಲೂ ಉಜ್ಜಿ ತೆಗೆಯಲು ನನಗೆ ಮನಸ್ಸು ಬರುವುದಿಲ್ಲ. ಒಮ್ಮೆ ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ಇನ್ನು ಮೂರೇ ದಿನದ ಮಾತು. ಮೂಳೆಯ ಆಳದಲ್ಲಿರುವ ಗಟ್ಟಿ ಪದರವನ್ನು ಹಿಡಿದು ಉದ್ದನೆಯ ಇಂಪ್ಲಾಂಟ್ ಹಾಕಿ, ಎಲ್ಲವನ್ನೂ ಒಟ್ಟಿಗೆ ಬಿಗಿದು, ಬೇಗ ಹಲ್ಲು ಕೊಡುವ ವಿಧಾನ ಇದೆ ನಿಜ. ಎಲ್ಲ ಹಲ್ಲೂ ಹೋದ, ಮೂಳೆ ತೀರಾ ಸವೆದ ಕೆಲವರಿಗೆ ಅದು ಒಂದು ದಾರಿ. ಮಾಮೂಲಿ ಇಂಪ್ಲಾಂಟಿಗೆ ಇರುವಷ್ಟು ದೀರ್ಘಕಾಲದ ಅಧ್ಯಯನ ಅದಕ್ಕೆ ಇಲ್ಲ. ಅಲ್ಲಿ ಹಲ್ಲುಗಳು ಒಂದಕ್ಕೊಂದು ಆಸರೆಯಾಗಿ ನಿಲ್ಲುತ್ತವೆ. ನಿಮ್ಮ ಹಾಗೆ ಅಲ್ಲೊಂದು ಇಲ್ಲೆರಡು ಹಲ್ಲು ಹೋದವರಿಗೆ, ಅದೂ ಶುಗರ್ ಇರುವವರಿಗೆ, ನಾನು ಅದನ್ನು ಹೇಳುವುದಿಲ್ಲ.

ಅವಸರದ ಬಗ್ಗೆ ನನಗೆ ಇಷ್ಟು ಗಟ್ಟಿ ಅಭಿಪ್ರಾಯ ಇರುವುದಕ್ಕೆ ಒಂದು ಕಾರಣ ಇದೆ. ವೃತ್ತಿಯ ಮೊದಲ ವರ್ಷಗಳಲ್ಲಿ ಒಬ್ಬರು ತಮ್ಮ ಮಗಳ ಮದುವೆಗೆ ಮುಂಚೆ ಹಲ್ಲು ಬೇಕು ಅಂತ ಬಂದರು. ಮೂಳೆ ಮೆತ್ತಗಿತ್ತು. ನನಗೆ ಗೊತ್ತಿತ್ತು. ಆದರೂ ಅವರ ಮುಖ ನೋಡಿ ಇಲ್ಲ ಅನ್ನಲು ಆಗಲಿಲ್ಲ. ಆರೇ ವಾರಕ್ಕೆ ಕ್ಯಾಪ್ ಕೂರಿಸಿದೆ. ಮದುವೆಯ ಫೋಟೋದಲ್ಲಿ ಚೆನ್ನಾಗಿ ನಕ್ಕರು. ಮೂರು ತಿಂಗಳಿಗೆ ಇಂಪ್ಲಾಂಟ್ ಸಡಿಲವಾಗಿ ಕೈಯಲ್ಲೇ ಬಂತು. ಜೊತೆಗೆ ಇದ್ದ ಸ್ವಲ್ಪ ಮೂಳೆಯೂ ಹೋಯಿತು. ಮತ್ತೆ ಗ್ರಾಫ್ಟ್ ಮಾಡಿ, ಎಂಟು ತಿಂಗಳು ಕಾದು, ಎರಡನೇ ಸಲ ಹಾಕಿದೆ. ಅವರು ಒಂದು ಮಾತೂ ಆಡಲಿಲ್ಲ. ನನಗೆ ಇವತ್ತಿಗೂ ಆ ದಿನ ನೆನಪಿದೆ. ಮೂಳೆ ಲೋಹಕ್ಕೆ ಅಂಟಲು ಕೆಳದವಡೆಯಲ್ಲಿ ಎರಡು ಮೂರು ತಿಂಗಳು, ಮೇಲೆ ನಾಲ್ಕರಿಂದ ಆರು ತಿಂಗಳು ಬೇಕು. ಆ ಹೊತ್ತಿನಲ್ಲಿ ಸ್ಕ್ರೂ ಅಲುಗಿದರೆ ಮೂಳೆಯ ಬದಲು ನಾರು ಬೆಳೆಯುತ್ತದೆ. ನಾರು ಹಿಡಿದ ಇಂಪ್ಲಾಂಟ್ ನಿಲ್ಲುವುದಿಲ್ಲ. ಮೊದಲ ದಿನವೇ ಬಿಗಿಯಾಗಿ ಕೂತ ಇಂಪ್ಲಾಂಟಿಗೆ ಕೆಲವೊಮ್ಮೆ ಬೇಗ ಹಲ್ಲು ಕೊಡಬಹುದು. ಆದರೆ ಅದನ್ನು ತೀರ್ಮಾನಿಸಬೇಕಾದದ್ದು ಸ್ಕ್ರೂ ಎಷ್ಟು ಬಿಗಿಯಾಗಿ ಕೂತಿತು ಅನ್ನುವ ಅಳತೆ.

ತುಂಬುವ ಮೂಳೆ ಯಾರದ್ದು ಅಂತ ಕೇಳಿದ್ದೀರಿ. ಬಹಳ ಜನ ಇದನ್ನು ಕೇಳಲು ಸಂಕೋಚಪಡುತ್ತಾರೆ, ಆಮೇಲೆ ಗೊತ್ತಾಗಿ ನೊಂದುಕೊಳ್ಳುತ್ತಾರೆ. ನೀವು ಕೇಳಿದ್ದು ಒಳ್ಳೆಯದಾಯಿತು. ಗ್ರಾಫ್ಟ್ ನಾಲ್ಕು ಬಗೆ. ಒಂದು ನಿಮ್ಮದೇ ಮೂಳೆ. ಕೆಳದವಡೆಯ ಹಿಂಭಾಗದಿಂದಲೋ ಗದ್ದದಿಂದಲೋ ಸ್ವಲ್ಪ ಕೆರೆದು ತೆಗೆಯುತ್ತಾರೆ. ಗುಣದಲ್ಲಿ ಇದೇ ಮೇಲು, ಯಾಕೆಂದರೆ ಅದರಲ್ಲಿ ಜೀವಕೋಶಗಳೂ ಇರುತ್ತವೆ. ಆದರೆ ಇನ್ನೊಂದು ಜಾಗದಲ್ಲಿ ಗಾಯ ಆಗುತ್ತದೆ, ಸಿಗುವುದೂ ಸ್ವಲ್ಪವೇ. ಎರಡನೆಯದು ಬೇರೆ ಮನುಷ್ಯರು ದಾನ ಮಾಡಿದ ಮೂಳೆ. ಅದನ್ನು ಸಂಸ್ಕರಿಸಿ, ಒಣಗಿಸಿ, ಕ್ರಿಮಿ ಇಲ್ಲದಂತೆ ಮಾಡಿ ಪುಡಿಯಾಗಿ ಕೊಡುತ್ತಾರೆ. ನಮ್ಮ ದೇಶದಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಟಿಶ್ಯೂ ಬ್ಯಾಂಕಿನಿಂದ ಬರುವುದನ್ನು ಹಲ್ಲಿನ ಡಾಕ್ಟರುಗಳು ವರ್ಷಗಳಿಂದ ಬಳಸುತ್ತಿದ್ದಾರೆ. ಮೂರನೆಯದು ಪ್ರಾಣಿಯ ಮೂಳೆ, ಹೆಚ್ಚಾಗಿ ಹಸುವಿನ ಜಾತಿಯದ್ದು. ಅದರಲ್ಲಿನ ಮಾಂಸಾಂಶ ಎಲ್ಲ ತೆಗೆದು ಬರೀ ಖನಿಜದ ಭಾಗ ಉಳಿಸಿರುತ್ತಾರೆ. ಜಗತ್ತಿನಲ್ಲಿ ಅತಿ ಹೆಚ್ಚು ಅಧ್ಯಯನ ಆಗಿರುವ ಗ್ರಾಫ್ಟುಗಳಲ್ಲಿ ಇದೂ ಒಂದು. ನಾಲ್ಕನೆಯದು ಕಾರ್ಖಾನೆಯಲ್ಲಿ ತಯಾರಾದ ಕ್ಯಾಲ್ಸಿಯಂ ಫಾಸ್ಫೇಟ್. ಇದರಲ್ಲಿ ಪ್ರಾಣಿಯ ಅಂಶ ಇಲ್ಲ.

ಗ್ರಾಫ್ಟಿನ ಮೇಲೆ ಮುಚ್ಚುವ ತೆಳು ಪೊರೆಯನ್ನು ಜನ ಕೇಳುವುದನ್ನೇ ಮರೆಯುತ್ತಾರೆ. ಅದು ಹೆಚ್ಚಾಗಿ ಹಸು ಅಥವಾ ಹಂದಿಯ ಚರ್ಮದಂಥ ಭಾಗದಿಂದ ಮಾಡಿದ್ದು. ನಿಮ್ಮ ಮನೆಯ ನಂಬಿಕೆಗೆ ಇದು ಒಗ್ಗುವುದಿಲ್ಲ ಅಂದರೆ ಮೊದಲೇ ಬಾಯಿಬಿಟ್ಟು ಹೇಳಿ. ಬೇರೆ ದಾರಿ ಇದೆ. ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಅದರಿಂದ ಬರುವ ಹಳದಿ ಪೊರೆಯನ್ನು ಬಳಸುವುದೂ ಉಂಟು. ಪಿಆರ್‌ಎಫ್ ಅನ್ನುತ್ತಾರೆ. ಗಾಯ ಮಾಯಲು ಅದು ಸಹಾಯ ಮಾಡುತ್ತದೆ. ದೊಡ್ಡ ಹಳ್ಳವನ್ನು ಅದೊಂದರಿಂದಲೇ ತುಂಬಲು ಆಗುವುದಿಲ್ಲ.

ಪುಡಿ ತುಂಬಿದರೆ ಅದೇ ಮೂಳೆ ಆಗಿಬಿಡುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮನೆ ಹಿತ್ತಲಲ್ಲಿ ಸೋರೆ ಬಳ್ಳಿಗೆ ಚಪ್ಪರ ಹಾಕುತ್ತೀರಲ್ಲ, ಗ್ರಾಫ್ಟ್ ಆ ಚಪ್ಪರ. ಬಳ್ಳಿ ನಿಮ್ಮ ದೇಹದ್ದೇ. ಅಕ್ಕಪಕ್ಕದ ಮೂಳೆಯಿಂದ ರಕ್ತನಾಳ ಹಬ್ಬಬೇಕು, ಕೋಶಗಳು ಬರಬೇಕು, ಚಪ್ಪರ ಹಿಡಿದು ಹೊಸ ಮೂಳೆ ಬೆಳೆಯಬೇಕು. ಅದಕ್ಕೇ ನಾಲ್ಕರಿಂದ ಆರು ತಿಂಗಳು, ಸೈನಸ್ಸಿನಲ್ಲಿ ಇನ್ನೂ ಜಾಸ್ತಿ. ಬಳ್ಳಿಗೆ ನೀರೇ ಇಲ್ಲದಿದ್ದರೆ ಚಪ್ಪರ ಎಷ್ಟು ದುಬಾರಿಯದಾದರೂ ಏನು ಬಂತು?

ಇಲ್ಲಿಗೆ ನಿಮ್ಮ ಶುಗರ್ ಮತ್ತು ಎಲೆ ಅಡಿಕೆಯ ವಿಷಯ ಬರುತ್ತದೆ. ಪತ್ರದಲ್ಲಿ ಅದನ್ನು ಒಂದೊಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಅವೇ ಎಲ್ಲಕ್ಕಿಂತ ಮುಖ್ಯ. ಶುಗರ್ ಇದ್ದ ಮಾತ್ರಕ್ಕೆ ಇಂಪ್ಲಾಂಟ್ ಆಗುವುದಿಲ್ಲ ಅನ್ನುವುದು ಹಳೆಯ ಮಾತು. ಹತೋಟಿಯಲ್ಲಿದ್ದರೆ ಬೇರೆಯವರ ಹಾಗೇ ಚೆನ್ನಾಗಿ ನಿಲ್ಲುತ್ತದೆ. ಹತೋಟಿ ಅಂದರೆ ಆಪರೇಷನ್ ಬೆಳಿಗ್ಗೆ ಬೆರಳು ಚುಚ್ಚಿ ನೋಡುವ ಲೆಕ್ಕ ಸಾಲದು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಏಳರ ಆಸುಪಾಸಿನಲ್ಲಿದ್ದರೆ ನೆಮ್ಮದಿಯಿಂದ ಮುಂದುವರಿಯಬಹುದು. ಎಂಟು ದಾಟಿದ್ದರೆ ನಾನು ಹಲ್ಲಿನ ಕೆಲಸ ಮುಂದಕ್ಕೆ ಹಾಕಿ ನಿಮ್ಮನ್ನು ಶುಗರ್ ಡಾಕ್ಟರ ಹತ್ತಿರ ಕಳಿಸುತ್ತೇನೆ. ಗ್ರಾಫ್ಟ್ ಮಾಡುವುದಿದ್ದರೆ ಇನ್ನೂ ಕಟ್ಟುನಿಟ್ಟು, ಯಾಕೆಂದರೆ ಅಲ್ಲಿ ಸೋಂಕು ತಗುಲಿದರೆ ತುಂಬಿದ್ದೆಲ್ಲ ಕೀವಾಗಿ ಹೋಗುತ್ತದೆ.

ಎಲೆ ಅಡಿಕೆಯನ್ನು ಬಿಡಿ ಅಂದರೆ ನಮ್ಮ ಕಡೆ ಮನಸ್ಸಿಗೆ ಕಷ್ಟವಾಗುತ್ತದೆ, ಗೊತ್ತು. ಮೈಸೂರು ವೀಳ್ಯದೆಲೆಯ ಬಗ್ಗೆ ನನಗೂ ಅಭಿಮಾನ ಇದೆ. ಕೇಡಿರುವುದು ಅಡಿಕೆಯಲ್ಲಿ, ಹೊಗೆಸೊಪ್ಪಿನಲ್ಲಿ. ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ವರ್ಷಗಟ್ಟಲೆ ಹಾಕಿದರೆ ಕೆನ್ನೆಯ ಒಳಗೆ ನಾರು ಕಟ್ಟಿ ಬಾಯಿ ಬಿಗಿಯುತ್ತಾ ಬರುತ್ತದೆ. ಒಂದು ಸಣ್ಣ ಪರೀಕ್ಷೆ ಮಾಡಿ. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಇಡಿ. ಹೋಗುತ್ತದೆಯೇ? ಹೋಗದಿದ್ದರೆ, ಅಥವಾ ಖಾರ ತಿಂದಾಗ ಕೆನ್ನೆ ಉರಿಯುತ್ತಿದ್ದರೆ, ಇಂಪ್ಲಾಂಟ್ ಮಾತು ಪಕ್ಕಕ್ಕಿಟ್ಟು ಮೊದಲು ಅದನ್ನು ತೋರಿಸಿ. ಹಿಂದಿನ ದವಡೆಗೆ ನಮ್ಮ ಉಪಕರಣ ಹೋಗಲೂ ಬಾಯಿ ತೆರೆಯಬೇಕು. ಬೀಡಿ, ಸಿಗರೇಟು ಇದ್ದರೆ ಇಂಪ್ಲಾಂಟ್ ಸೋಲುವ ಸಂಭವ ಸುಮಾರು ಎರಡು ಪಟ್ಟು. ನೀವು ಬರೆದಿಲ್ಲ, ಇಲ್ಲ ಅಂದುಕೊಳ್ಳುತ್ತೇನೆ.

ವಸಡಿನಿಂದ ರಕ್ತ ಬರುತ್ತಿದ್ದರೆ ಮೊದಲು ಅದರ ಚಿಕಿತ್ಸೆ. ವಸಡಿನ ರೋಗ ಮಾಡುವ ಕ್ರಿಮಿಗಳು ಇಂಪ್ಲಾಂಟಿನ ಸುತ್ತಲಿನ ಮೂಳೆಯನ್ನೂ ತಿನ್ನುತ್ತವೆ. ಹುಳುಕು ಮಾತ್ರ ಇಂಪ್ಲಾಂಟಿಗೆ ಬರುವುದಿಲ್ಲ.

ಆಪರೇಷನ್ ಬಗ್ಗೆ ಹೆಚ್ಚು ಹೆದರಬೇಡಿ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ. ಒಂದು ಇಂಪ್ಲಾಂಟಿಗೆ ಅರ್ಧ ಗಂಟೆಯಿಂದ ಒಂದು ಗಂಟೆ. ಮೂಳೆ ಕೊರೆಯುವಾಗ ತಣ್ಣನೆಯ ಸಲೈನ್ ನೀರು ಸುರಿಯುತ್ತಲೇ ಇರುತ್ತಾರೆ, ಯಾಕೆಂದರೆ ಮೂಳೆ 47 ಡಿಗ್ರಿ ಸೆಲ್ಸಿಯಸ್ ದಾಟಿ ಒಂದು ನಿಮಿಷ ಬಿಸಿಯಾದರೂ ಆ ಭಾಗ ಸಾಯುತ್ತದೆ. ಹಲ್ಲು ಕೀಳಿಸಿದಾಗ ಆದದ್ದಕ್ಕಿಂತ ನೋವು ಕಡಿಮೆ ಅಂತಲೇ ಹೆಚ್ಚಿನವರು ಹೇಳುತ್ತಾರೆ. ಗ್ರಾಫ್ಟ್ ಸೇರಿದರೆ ಮೂರ್ನಾಲ್ಕು ದಿನ ಊತ ಇರುತ್ತದೆ. ಸೈನಸ್ ಲಿಫ್ಟ್ ಆದರೆ ಎರಡು ವಾರ ಮೂಗು ಜೋರಾಗಿ ಸೀಟಬಾರದು. ಸೀನು ಬಂದರೆ ಬಾಯಿ ತೆರೆದು ಸೀನಿ. ಗದ್ದೆ ಕೆಲಸಕ್ಕೆ, ಅದರಲ್ಲೂ ಮೂಟೆ ಹೊರುವ ಕೆಲಸಕ್ಕೆ, ಒಂದು ವಾರ ಬಿಡುವು ಕೊಡಿ. ನಾಟಿ, ಕಟಾವು ಇಲ್ಲದ ಹೊತ್ತು ನೋಡಿಕೊಂಡು ದಿನ ಗೊತ್ತು ಮಾಡಿ. ಹೃದಯಕ್ಕೆ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಕೊಟ್ಟ ಡಾಕ್ಟರನ್ನು ಕೇಳಿ.

ಖರ್ಚಿನ ಮಾತು. ಮೈಸೂರು, ಮಂಡ್ಯದ ಕ್ಲಿನಿಕ್ಕುಗಳಲ್ಲಿ ಒಂದು ಇಂಪ್ಲಾಂಟಿಗೆ ಕ್ಯಾಪ್ ಸೇರಿ ಸುಮಾರು 25 ಸಾವಿರದಿಂದ 50 ಸಾವಿರ ರೂಪಾಯಿ ಹೇಳುವುದನ್ನು ನಾನು ಕಂಡಿದ್ದೇನೆ. ಗ್ರಾಫ್ಟ್, ಪೊರೆ ಬೇರೆ. ಹೇಳಿದ ಮೊತ್ತದಲ್ಲಿ ಸ್ಕ್ಯಾನ್, ಕೊಂಡಿ, ಕ್ಯಾಪ್ ಎಲ್ಲ ಸೇರಿದೆಯೇ ಅಂತ ಬರೆಸಿಕೊಳ್ಳಿ. ಮೈಸೂರಿನಲ್ಲಿ ಜೆಎಸ್ಎಸ್ ದಂತ ವೈದ್ಯಕೀಯ ಕಾಲೇಜು ಇದೆ, ಫಾರೂಕಿಯಾ ದಂತ ವೈದ್ಯಕೀಯ ಕಾಲೇಜು ಇದೆ. ದಂತ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ. ಓಡಾಟ ಮತ್ತು ಕಾಯುವುದು ಜಾಸ್ತಿ. ಆದರೆ ಶಸ್ತ್ರಚಿಕಿತ್ಸೆ ಮಾಡುವವರು, ವಸಡಿನವರು, ಹಲ್ಲು ಕಟ್ಟುವವರು ಒಂದೇ ಸೂರಿನಡಿ ಸಿಗುತ್ತಾರೆ. ನಿಮ್ಮಂಥ ಕೇಸಿಗೆ ಅದು ದೊಡ್ಡ ಅನುಕೂಲ. ಎಲ್ಲಿ ಮಾಡಿಸಿದರೂ ಇಂಪ್ಲಾಂಟಿನ ಕಂಪನಿ, ಅಳತೆ, ಲಾಟ್ ನಂಬರ್ ಇರುವ ಚೀಟಿ ಕೇಳಿ ಪಡೆಯಿರಿ. ಹತ್ತು ವರ್ಷದ ಮೇಲೆ ಒಳಗಿನ ಸ್ಕ್ರೂ ಸಡಿಲವಾಗಿ ಬೇರೆ ಊರಿನ ಡಾಕ್ಟರ ಹತ್ತಿರ ಹೋದರೆ ಆ ಚೀಟಿಯೇ ಆಧಾರ. ಒಂದು ಕಂಪನಿಯ ಕೀಲಿ ಇನ್ನೊಂದಕ್ಕೆ ಹೊಂದುವುದಿಲ್ಲ.

ಹಣ ಹೊಂದದಿದ್ದರೆ ತೆಗೆದು ಹಾಕುವ ಹಲ್ಲಿನ ಸೆಟ್ ಹಾಕಿಸಿಕೊಳ್ಳಲು ನಾಚಿಕೆ ಬೇಡ. ಚೆನ್ನಾಗಿ ಮಾಡಿದ ಸೆಟ್ಟಿನಲ್ಲಿ ನೆಮ್ಮದಿಯಾಗಿ ಉಣ್ಣುವವರನ್ನು ದಿನಾ ನೋಡುತ್ತೇನೆ. ಎಲ್ಲ ಹಲ್ಲೂ ಹೋದ ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತವಾಗಿ ಸೆಟ್ ಕೊಡಲು ನಮ್ಮ ಸರ್ಕಾರ ದಂತ ಭಾಗ್ಯ ಯೋಜನೆ ತಂದದ್ದೇ ಅದಕ್ಕೆ. ಸಾಲ ಮಾಡಿ ಇಂಪ್ಲಾಂಟ್ ಹಾಕಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ? ಮೊದಲು ಎಚ್‌ಬಿಎ1ಸಿ. ವಸಡು ಸ್ವಚ್ಛ ಮಾಡಿಸುತ್ತಿದ್ದೆ, ಅಡಿಕೆ ನಿಲ್ಲಿಸುತ್ತಿದ್ದೆ. ಆಮೇಲೆ ಸ್ಕ್ಯಾನ್. ಕೆಳಗೆ ಎರಡರ ಜಾಗದಲ್ಲಿ ಮೊದಲನೆಯದಕ್ಕೆ ಮಾತ್ರ ಒಂದು ಇಂಪ್ಲಾಂಟ್ ಹಾಕಿಸುತ್ತಿದ್ದೆ. ಅಗಿಯುವ ಕೆಲಸದ ಹೆಚ್ಚಿನ ಪಾಲು ಆ ಹಲ್ಲಿನದೇ. ತೀರಾ ಕೊನೆಯ ಹಲ್ಲನ್ನು ಬಹಳ ಜನರಿಗೆ ತುಂಬಿಸಬೇಕಾಗುವುದೇ ಇಲ್ಲ. ಅದರ ಎದುರಿನ ಮೇಲಿನ ಹಲ್ಲು ಕೆಳಗೆ ಇಳಿಯುತ್ತಿದ್ದರೆ ಮಾತ್ರ ಯೋಚಿಸಬೇಕು. ಏಳು ವರ್ಷದಲ್ಲಿ ಅದು ಇಳಿದಿದೆಯೇ ಅಂತ ಡಾಕ್ಟರನ್ನು ಕೇಳಿ. ಮೇಲಿನ ಎಡಗಡೆಯದನ್ನು, ಅಕ್ಕಪಕ್ಕದ ಹಲ್ಲು ನೋಡಿಕೊಂಡು, ಆಮೇಲೆ ತೀರ್ಮಾನಿಸುತ್ತಿದ್ದೆ. ಮೂರಕ್ಕೂ ಒಂದೇ ಸಲ ಕೈ ಹಾಕುತ್ತಿರಲಿಲ್ಲ.

ಹಾಕಿಸಿದ ಮೇಲಿನ ಕೆಲಸ ನಿಮ್ಮದು. ಇಂಪ್ಲಾಂಟಿಗೆ ನಾರಿನ ಹಿಡಿತ ಇರುವುದಿಲ್ಲ, ಆದ್ದರಿಂದ ಜಾಸ್ತಿ ಒತ್ತಡ ಬಿದ್ದರೂ ನಿಮಗೆ ತಿಳಿಯುವುದಿಲ್ಲ. ಬಾಟಲಿ ಮುಚ್ಚಳ ಕಚ್ಚುವುದು, ಗಟ್ಟಿ ಮೂಳೆ ಪುಡಿ ಮಾಡುವುದು ಬೇಡ. ಕಬ್ಬನ್ನು ಸಿಪ್ಪೆ ಕೆತ್ತಿ ಸಣ್ಣ ತುಂಡು ಮಾಡಿ ತಿನ್ನಬಹುದು. ರಾತ್ರಿ ಮಲಗುವ ಮುಂಚೆ ಬ್ರಷ್ ಜೊತೆಗೆ ಸಂದಿಗೆ ಹೋಗುವ ಪುಟ್ಟ ಬ್ರಷ್ಷನ್ನೂ ಆಡಿಸಿ. ಆರು ತಿಂಗಳಿಗೊಮ್ಮೆ ತೋರಿಸಿ. ಚೆನ್ನಾಗಿ ನೋಡಿಕೊಂಡ ಇಂಪ್ಲಾಂಟುಗಳು ಹತ್ತು ವರ್ಷ ದಾಟಿಯೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನಿಂತಿರುತ್ತವೆ. ಸೋಲುವವು ಹೆಚ್ಚಾಗಿ ಕೊಳೆ ಕಟ್ಟಿ, ವಸಡು ಊದಿ, ಮೂಳೆ ಕರಗಿ ಸೋಲುತ್ತವೆ. ಮುಂದೆಂದಾದರೂ ಎಂಆರ್‌ಐ ಸ್ಕ್ಯಾನ್ ಬೇಕಾದರೆ ಟೈಟಾನಿಯಂನಿಂದ ತೊಂದರೆ ಇಲ್ಲ. ಸ್ಕ್ಯಾನ್ ಮಾಡುವವರಿಗೆ ಒಂದು ಮಾತು ತಿಳಿಸಿ ಸಾಕು.

ಕೊನೆಗೆ ನಿಮ್ಮ ಹೆಂಡತಿಯವರ ವಿಷಯ. ಇದನ್ನು ಓದಿದ ಮೇಲೆ ನೀವು ಮೊದಲು ಮಾಡಬೇಕಾದ ಕೆಲಸ ಅದೇ. ಕೀಳುವ ದಿನಕ್ಕೆ ಮುಂಚೆ ಅವರನ್ನು ಕರೆದುಕೊಂಡು ಹೋಗಿ ಎರಡು ವಿಷಯ ಕೇಳಿ. ಈ ಹಲ್ಲನ್ನು ರೂಟ್ ಕೆನಾಲ್ ಮಾಡಿ ಉಳಿಸಲು ಆಗುವುದೇ ಇಲ್ಲವೇ? ಆಗುವುದಾದರೆ ಉಳಿಸಿ. ಸ್ವಂತ ಹಲ್ಲಿಗೆ ಸಮನಾದ ಇಂಪ್ಲಾಂಟ್ ಇನ್ನೂ ಬಂದಿಲ್ಲ. ಆಗುವುದಿಲ್ಲ, ಮುಂದೆ ಇಂಪ್ಲಾಂಟ್ ಹಾಕಿಸುವ ಯೋಚನೆ ಇದೆ ಅಂದರೆ, ಕಿತ್ತ ಗುಳಿಯಲ್ಲೇ ಅದೇ ದಿನ ಗ್ರಾಫ್ಟ್ ತುಂಬಿ ಹೊಲಿಗೆ ಹಾಕಬಹುದೇ? ಬದು ಕುಸಿಯುವ ಮುಂಚೆಯೇ ಆಸರೆ ಕೊಟ್ಟಂತೆ. ಕರಗುವುದು ಪೂರ್ತಿ ನಿಲ್ಲುವುದಿಲ್ಲ, ಆದರೆ ಬಹಳ ಕಡಿಮೆಯಾಗುತ್ತದೆ. ಏಳು ವರ್ಷ ಬಿಟ್ಟು ಮೂಳೆ ಬೆಳೆಸುವುದಕ್ಕಿಂತ ಖರ್ಚೂ ಕಡಿಮೆ, ನೋವೂ ಕಡಿಮೆ. ಮತ್ತೆ, ಅವರು ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆಯನ್ನೋ, ವರ್ಷಕ್ಕೋ ಆರು ತಿಂಗಳಿಗೋ ಒಂದು ಇಂಜೆಕ್ಷನ್ನನ್ನೋ ತೆಗೆದುಕೊಳ್ಳುತ್ತಿದ್ದರೆ ಅದನ್ನು ಕೀಳುವ ಮುಂಚೆ ಹೇಳಲೇಬೇಕು. ಆ ಔಷಧಿಗಳಲ್ಲಿ ಕೆಲವನ್ನು ತೆಗೆದುಕೊಳ್ಳುವವರಿಗೆ, ಅಪರೂಪಕ್ಕಾದರೂ, ಹಲ್ಲು ಕಿತ್ತ ಗಾಯ ಮಾಯದೆ ದವಡೆ ಮೂಳೆ ಕೊಳೆಯುವುದುಂಟು. ಔಷಧಿಯ ಚೀಟಿಯನ್ನು ಜೊತೆಗೇ ಇಟ್ಟುಕೊಂಡು ಹೋಗಿ, ಡಾಕ್ಟರ ಕೈಗೆ ಕೊಟ್ಟು ಆಮೇಲೆ ಕುರ್ಚಿಯಲ್ಲಿ ಕೂರಲು ಹೇಳಿ.